ಶನಿವಾರ ಬರುವ ಗಂಡ

ಮೊನ್ನೆ ಮಗಳ ಕೋಣೆ ಗುಡಿಸುವಾಗ ನನ್ನ ಮೊಣಕೈ ತಗಲಿ ಪೌಡರ್ ಡಬ್ಬಿ ಕೆಳಗೆ ಬಿತ್ತು. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ, ಕೋಣೆಯ ತುಂಬ ಗಂಧದ ಘಮ. ಮೊದಲು ಸೀನು ಬಂತು, ಆಮೇಲೆ ನಮ್ಮ ಚಿಕ್ಕಮ್ಮ ಶಾರದಾ ಕಾಕು ನೆನಪಾದಳು. ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದ ಮಗಳು ಸ್ನೇಹಾ, "ಬಿಡು ಮಮ್ಮಿ, ಈಗ ಅದನ್ನ ಯಾರ್ ಹಚ್ಕೋತಾರ" ಎಂದಳು.

ಆ ಮಾತಿಗೊಂದು ಹಿನ್ನೆಲೆ ಇದೆ. ಸ್ನೇಹಾಳಿಗೆ ಅಭಿಜಿತನೆಂಬ ಹುಡುಗನೊಡನೆ ನಿಶ್ಚಯವಾಗಿದೆ. ಇಬ್ಬರೂ ತಾವೇ ಮೆಚ್ಚಿಕೊಂಡದ್ದು, ನಾವು ಹೂಂ ಅಂದದ್ದಷ್ಟೇ. ಹುಡುಗ ಸಂಭಾಜಿನಗರದಲ್ಲಿದ್ದಾಗ ಇವಳು ನಾಶಿಕದ ಈ ಮನೆಯಲ್ಲಿ ಫೋನನ್ನು ಕಿವಿಗೆ ಅಂಟಿಸಿಕೊಂಡೇ ಓಡಾಡುತ್ತಿದ್ದಳು. ವಿಡಿಯೋ ಕಾಲಿಗೂ ಪೌಡರ್ ಹಚ್ಚಿಕೊಂಡು ಕೂರುತ್ತಿದ್ದಳು. ಈಗ ಅವನ ಕಂಪನಿ ಅವನನ್ನು ನಾಶಿಕಕ್ಕೇ ಕಳಿಸಿದೆ. ದಿನ ಬಿಟ್ಟು ದಿನ ಭೇಟಿ. ಭೇಟಿಗಳು ಹೆಚ್ಚಿದಂತೆ ಮಗಳ ಮುಖ ಬಾಡುತ್ತ ಬಂತು. ಬರುವ ಭಾನುವಾರ ಹುಡುಗನ ಮನೆಯವರು ಲಗ್ನದ ತಾರೀಖು ಗೊತ್ತುಮಾಡಲು ಬರುವವರಿದ್ದರೆ, ಇವಳು ಅವತ್ತೇ ಮಧ್ಯಾಹ್ನ ಊಟದ ತಾಟಿನ ಮುಂದೆ ಕೂತು ಬಾಂಬು ಹಾಕಿದ್ದಳು.

"ನಂಗ ಏನೂ ಅನಿಸ್ಲತ್ತಿಲ್ಲ ಮಮ್ಮಿ. ಮೊದಲ ಅವನ ಫೋನ್ ಬಂದ್ರ ಹೊಟ್ಟ್ಯಾಗ ಏನೋ ಆಗ್ತಿತ್ತು. ಈಗ ಎದುರಿಗೇ ಕುಂತ್ರೂ ಏನೂ ಆಗಂಗಿಲ್ಲ. ಪ್ಯಾರ್ ಖತಮ್ ಆಗ್ಯದ ಅಂದ್ರ ಲಗ್ನ ಯಾಕ ಮಾಡ್ಕೋಬೇಕು?"

ಇವಳ ಅಪ್ಪ ತುತ್ತು ಕೈಯಲ್ಲಿ ಹಿಡಿದೇ, "ಹಂಗಿದ್ರ ಅವರಿಗಿ ಬರಬ್ಯಾಡ್ರಿ ಅಂತ ಹೇಳಿಬಿಡ್ತೀನಿ" ಎಂದರು. ಅವರಿಗೆ ಎಲ್ಲ ಸಮಸ್ಯೆಯೂ ಒಂದು ಫೋನಿನಲ್ಲಿ ಮುಗಿಯಬೇಕು. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನಿಸಿತ್ತು. ಏನೂ ಅನಿಸದ ಹುಡುಗನ ಜೊತೆ ಹೆತ್ತ ಮಗಳನ್ನು ಹೇಗೆ ಕಳಿಸುವುದು? ಪೌಡರ್ ಚೆಲ್ಲದೆ ಹೋಗಿದ್ದರೆ ಆ ಫೋನು ಅವತ್ತೇ ಹೋಗಿಬಿಡುತ್ತಿತ್ತು.

ನಾವು ಬೀದರ್ ಕಡೆಯವರು. ಅಪ್ಪ ನಾಶಿಕದಲ್ಲಿ ಕಾಳುಕಡಿಯ ಅಂಗಡಿ ಇಟ್ಟುಕೊಂಡಿದ್ದ. ಅಪ್ಪನ ತಮ್ಮ, ನಮ್ಮ ಕಾಕಾ, ಸಂಭಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟರ್. ಆಗ ಆ ಊರು ನಮ್ಮ ಬಾಯಲ್ಲಿ ಔರಂಗಾಬಾದ್. ಅಲ್ಲಿ ಕಾಕಾನಿಗೆ ಇದ್ದದ್ದು ಇನ್ನೂ ಕೆಲವರೊಂದಿಗೆ ಹಂಚಿಕೊಂಡ ಒಂದು ಖೋಲಿ. ಹಾಗಾಗಿ ಮದುವೆಯಾದ ಮೇಲೆ ಕಾಕು ನಮ್ಮ ಜೊತೆ ನಾಶಿಕದಲ್ಲೇ ಉಳಿದಳು. ಕಾಕಾ ಪ್ರತಿ ಶನಿವಾರ ಸಂಜೆ ಎಸ್ಟಿ ಬಸ್ಸು ಹಿಡಿದು ಯೇವಲಾ ದಾಟಿ ಬರುತ್ತಿದ್ದ, ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಿದ್ದ.

ಆ ಶನಿವಾರಗಳನ್ನು ನೀವು ನೋಡಬೇಕಿತ್ತು. ಮಧ್ಯಾಹ್ನದಿಂದಲೇ ಕಾಕುವಿನ ಕೈಯಲ್ಲಿ ಸಾಮಾನು ನಿಲ್ಲುತ್ತಿರಲಿಲ್ಲ. ಜೋಳದ ಹಿಟ್ಟು ನಾದುವಾಗ ಹಾಡು, ಮುಖಕ್ಕೆ ಪೌಡರ್, ಅದರ ಮೇಲೆ ಇನ್ನೊಮ್ಮೆ ಪೌಡರ್. ಆಯಿ, ಅಂದರೆ ನಮ್ಮಜ್ಜಿ, ವಿಭೂತಿ ಹಚ್ಚಿದ ಹಣೆ ಗಂಟಿಕ್ಕಿಕೊಂಡು "ಸುಣ್ಣ ಬಳದಂಗ ಆಗ್ಯದ, ಸಾಕ್ ಮಾಡು" ಎನ್ನುತ್ತಿದ್ದಳು. ಓಣಿಯ ತುದಿಯಲ್ಲಿ ರಿಕ್ಷಾ ನಿಂತರೆ ಸಾಕು, ಕಾಕು ಬಾಗಿಲಲ್ಲಿ ಹಾಜರು. ಕಾಕಾ ಪೇರಲ ಹಣ್ಣಿನ ಚೀಲ ಅವಳ ಕೈಗೆ ಕೊಡುತ್ತಿದ್ದ. ಹಿರಿಯರಿದ್ದ ಮನೆ, ಮಾತಿಲ್ಲ. ಚೀಲ ಕೈ ಬದಲಾಗುವಷ್ಟು ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಅಷ್ಟೇ. ಕಾಲೇಜಿಗೆ ಹೋಗುತ್ತಿದ್ದ ನಾನು ಓದುವ ನೆಪದಲ್ಲಿ ಪಡಸಾಲೆಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಪ್ರೇಮವೆಂದರೆ ಇದೇ ಎಂದು ಅಲ್ಲಿಯೇ ತೀರ್ಮಾನಿಸಿದ್ದೆ. ಆ ವರ್ಷ ಪಾಸಾದದ್ದು ದೊಡ್ಡದು.

ಒಂದು ದೀಪಾವಳಿಯ ನಂತರ ಕಾಕಾನಿಗೆ ನಾಶಿಕದ ಸಾತಪುರದಲ್ಲೇ ನೌಕರಿ ಸಿಕ್ಕಿತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಇನ್ನು ಮೇಲೆ ಕಾಕುವಿಗೆ ವಾರವಿಡೀ ಶನಿವಾರ ಎಂದು ಎಲ್ಲರೂ ಚೇಷ್ಟೆ ಮಾಡಿದ್ದೇ ಮಾಡಿದ್ದು.

ಹಾಗಾಗಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಕಾಕುವಿನ ಹಾಡು ನಿಂತಿತ್ತು. ಕಾಕಾ ಚಹಾ ಸೊರ್ ಎಂದು ಕುಡಿಯುತ್ತಾನೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಹಸಿ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಾನೆ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುತ್ತಾನೆ. ಯೋಚಿಸಿ ನೋಡಿ, ದೂರದಲ್ಲಿರುವವರು ಎಂದೂ ಟವೆಲ್ ಎಸೆಯುವುದಿಲ್ಲ. ವಾರದ ಅಷ್ಟೂ ದಿನ ನಾವು ಅವರನ್ನು ಮನಸ್ಸಿನಲ್ಲಿ ಕೂರಿಸಿ, ನಮಗೆ ಬೇಕಾದ ಮಾತು ಅವರ ಬಾಯಲ್ಲಿ ಆಡಿಸಿ, ನಮಗೆ ಬೇಕಾದಂತೆ ನಗಿಸಿ ಸಿದ್ಧಮಾಡಿ ಇಟ್ಟಿರುತ್ತೇವೆ. ಬಂದವರು ಒಂದೂವರೆ ದಿನ ಆ ವೇಷವನ್ನು ಹೇಗೋ ಸಂಭಾಳಿಸುತ್ತಾರೆ. ದಿನಾ ಸಂಭಾಳಿಸು ಎಂದರೆ ಯಾರಿಂದಾದೀತು?

ಇದನ್ನೆಲ್ಲ ನಾನು ಈಗ ಹೇಳುತ್ತಿದ್ದೇನೆ, ಆಗ ನನಗೂ ಬುದ್ಧಿ ಇರಲಿಲ್ಲ. ಒಂದು ದಿನ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವಾಗ ಕಾಕು ತಟ್ಟನೆ ಅತ್ತಳು. "ನಂಗ ಇವರ ಮ್ಯಾಲಿನ ಮಾಯಾ ಪ್ರೀತಿ ಎಲ್ಲಾ ಹೋಗ್ಯದ. ಯಾರದೋ ನಜರ್ ತಗಲ್ಯದ. ಹಿಂಗೇ ಇದ್ರ ನಾ ಈ ಮನ್ಯಾಗ ಯಾವ ಮುಖ ಇಟ್ಕೊಂಡು ಇರಲಿ?" ಎಂದಳು. ನಾನು ಗಂಭೀರವಾಗಿ ತಲೆದೂಗಿದೆ. ದೃಷ್ಟಿ ತಗಲಿದೆ ಎಂದರೆ ಶಾಂತಿ ಮಾಡಿಸಬೇಕು, ಅದಕ್ಕೆ ತ್ರ್ಯಂಬಕೇಶ್ವರವೇ ಸರಿ ಎಂದು ನಾವಿಬ್ಬರೂ ನಿರ್ಧರಿಸಿದೆವು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ಕೊರಳಲ್ಲೇ ದೇವರಿರುವಾಗ ಪರರ ಕೈಯಿಂದ ಶಾಂತಿ ಮಾಡಿಸುವುದು ಆಯಿಯ ಕಿವಿಗೆ ಬಿದ್ದರೆ ಇಬ್ಬರ ಗ್ರಹಚಾರವೂ ನೆಟ್ಟಗಿರುತ್ತಿರಲಿಲ್ಲ. ಸೀರೆಗೆ ಫಾಲ್ ಹಚ್ಚಿಸಿ ಬರುತ್ತೇವೆಂದು ಹೇಳಿ ಜೀಪು ಹತ್ತಿದೆವು. ಮಂದಿಯ ನಡುವೆ ಒತ್ತಿಕೊಂಡು ಕೂತ ಕಾಕು ದಾರಿಯುದ್ದಕ್ಕೂ ಸೆರಗಿನೊಳಗೆ ಲಿಂಗವನ್ನು ಹಿಡಿದೇ ಇದ್ದಳು, ಅದಕ್ಕೆ ಸಿಟ್ಟು ಬರಬಾರದೆಂದೋ ಏನೋ.

ಅಲ್ಲಿನ ಗುರೂಜಿ ಒಳ್ಳೆಯ ಮನುಷ್ಯ. ಕಾಕು ತನ್ನ ಹರಕು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದ. ಕೊನೆಗೆ, "ಪೂಜೆಗೇನು, ಮಾಡೋಣ ತಾಯಿ. ಆದರೆ ಗಂಡ ಹೆಂಡತಿ ಜೋಡಿಯಾಗಿ ಕೂರಬೇಕು. ಯಜಮಾನರನ್ನು ಕರೆದುಕೊಂಡು ಬನ್ನಿ" ಎಂದ.

ಕಾಕುವಿನ ಮುಖ ಬಿಳಿಚಿತು. ಜೋಡಿಯಾಗಿ ಕೂರಿಸಬೇಕೆಂದರೆ ಯಾಕೆಂದು ಹೇಳಬೇಕು. ನಿಮ್ಮ ಮೇಲೆ ನನಗೆ ಪ್ರೀತಿ ಉಳಿದಿಲ್ಲ, ಅದು ವಾಪಸು ಬರಲೆಂದು ಪೂಜೆ ಇದೆ, ದಯವಿಟ್ಟು ಮಡಿ ಉಟ್ಟುಕೊಂಡು ನನ್ನ ಪಕ್ಕದಲ್ಲಿ ಕೂರಿ ಎಂದು ಯಾವ ಹೆಂಡತಿ ಯಾವ ಗಂಡನಿಗೆ ಹೇಳಿಯಾಳು?

ಆದರೂ ಹೇಳಿದಳು. ಮನೆಯಲ್ಲಿ ಇಬ್ಬರೇ ಕೂತು ಮಾತಾಡಲು ಜಾಗವಿರಲಿಲ್ಲ, ಹಾಗಾಗಿ ತರಕಾರಿ ತರುವ ನೆಪದಲ್ಲಿ ಕಾಕಾನನ್ನು ಗೋದಾವರಿಯ ಘಾಟಿಗೆ ಕರೆತಂದಳು. ಧೈರ್ಯಕ್ಕೆಂದು ನನ್ನನ್ನೂ. ನಾನು ಒಂದು ಮೆಟ್ಟಿಲು ಕೆಳಗೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದೆ. ಕೇಳಿಸಿಕೊಳ್ಳುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

"ನಂಗ ಮೊದಲಿನಂಗ ಅನಿಸ್ಲತ್ತಿಲ್ರೀ," ಎಂದಳು ಕಾಕು. "ನಿಮ್ಮ ತಪ್ಪಿಲ್ಲ. ನಂಗೇ ಏನೋ ಆಗ್ಯದ."

ಕಾಕಾ ನೀರಿನ ಕಡೆ ತಿರುಗಿ ಕೂತ. ಹೊಡೆಯುವ ಜಾತಿಯವನಲ್ಲ, ಆದರೆ ಎದ್ದು ಹೋಗಿಬಿಟ್ಟರೆ ಎಂದು ನನಗೆ ಭಯ.

"ಇಲ್ಲಿಗಿ ಬಂದ ಮ್ಯಾಲೂ ಶನಿವಾರ ನಂಗ ಮನೀಗಿ ಬರಲಿಕ್ಕ ಯಾಕ ತಡ ಆಗ್ತದ, ಗೊತ್ತದೇನು?" ಎಂದು ಕೇಳಿದ.

"ಓವರ್‌ಟೈಮ್ ಅಂದಿದ್ರಿ."

"ಓವರ್‌ಟೈಮ್ ಇಲ್ಲ, ಏನಿಲ್ಲ. ಬಸ್ ಸ್ಟ್ಯಾಂಡಿಗಿ ಹೋಗಿ ಕೂಡ್ತೀನಿ. ಔರಂಗಾಬಾದ್ ಗಾಡಿ ಬಂದು ಮಂದಿ ಇಳದ ಮ್ಯಾಲ ಅವರ ಜೋಡಿ ಎದ್ದು ಮನೀಗಿ ಬರ್ತೀನಿ. ನಾನೂ ಇಳದು ಬಂದಂಗ ಅನಿಸ್ಲಿ ಅಂತ. ಆದ್ರ ಬಾಗಿಲಾಗ ನೀ ಇರಂಗಿಲ್ಲ" ಎಂದ.

ಕಾಕು ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ನಗುತ್ತ ನಗುತ್ತಲೇ ಅಳಲು ಶುರುಮಾಡಿದಳು. ನಾನು ಮೆಂತೆಯ ಎಲೆಗಳನ್ನು ಗೋದಾವರಿಗೆ ಬಿಟ್ಟು ಕಡ್ಡಿಗಳನ್ನು ಚೀಲಕ್ಕೆ ತುಂಬುತ್ತಿದ್ದೆನೆಂದು ಮನೆಗೆ ಬಂದ ಮೇಲೆ ಅವ್ವ ಬೈದಾಗಲೇ ಗೊತ್ತಾದದ್ದು.

ಆಮೇಲೆ ಅವರಿಬ್ಬರೇ ಒಮ್ಮೆ ತ್ರ್ಯಂಬಕಕ್ಕೆ ಹೋಗಿಬಂದರು. ನನ್ನನ್ನು ಕರೆಯಲಿಲ್ಲ.

ಈ ಕಥೆಯನ್ನು ಚೆಲ್ಲಿದ ಪೌಡರ್ ಒರೆಸುತ್ತ ಸ್ನೇಹಾಳಿಗೆ ಹೇಳಿದೆ. ಹೇಳಿ, ಅವಳ ಕಣ್ಣು ತೇವವಾಗಿರಬಹುದೆಂದು ತಲೆಯೆತ್ತಿ ನೋಡಿದೆ. ಎಲ್ಲಿಯ ಮಾತು!

"ಮಮ್ಮಿ, ಅವರದು ಲಗ್ನ ಆಗಿಬಿಟ್ಟಿತ್ತು. ಬ್ಯಾರೆ ದಾರಿ ಇರಲಿಲ್ಲ, ಉಳಕೊಂಡ್ರು. ಅದೇನ್ ಪ್ಯಾರ್?"

ಉತ್ತರ ಇರುವವಳಿಗೇ ಫೋನ್ ಹಚ್ಚಿ ಸ್ಪೀಕರಿನ ಮೇಲೆ ಹಾಕಿದೆ. ಕಾಕು ಈಗ ಊರಿನ ಆ ತುದಿಯಲ್ಲಿದ್ದಾಳೆ. ಸ್ನೇಹಾ ನಾಚಿಕೆಯಿಲ್ಲದೆ ಅದೇ ಪ್ರಶ್ನೆ ಕೇಳಿದಳು.

"ಉಳಕೊಂಡಿಲ್ಲವ್ವಾ," ಎಂದಳು ಕಾಕು. "ಅವತ್ತ ಘಾಟ್ ಮ್ಯಾಲ ಇವರು ನಂಗ ಹುಚ್ಚಿ ಅಂತ ಅಂದಿದ್ರ ನಾ ಮರುದಿನಾನೇ ಬೀದರ್ ಗಾಡಿ ಹತ್ತತಿದ್ದೆ. ಟ್ರಂಕಿನ್ಯಾಗ ಸೀರಿ ಮಡಚಿ ಇಟ್ಟೇ ಹೋಗಿದ್ದೆ. ನಿಮ್ಮಮ್ಮಗೂ ಗೊತ್ತಿಲ್ಲ."

ನನಗೆ ಗೊತ್ತಿರಲಿಲ್ಲ. ಅಷ್ಟು ಹತ್ತಿರ ಕೂತು ಸೊಪ್ಪು ಬಿಡಿಸಿದವಳಿಗೆ ಗೊತ್ತಿರಲಿಲ್ಲ.

"ಮತ್ತ ಪೂಜಾ ಮಾಡಿಸಿದ ಮ್ಯಾಲ ಮೊದಲಿನ ಪ್ಯಾರ್ ವಾಪಸ್ ಬಂತಾ ಶಾರದಾ ಆಯಿ?"

"ಪೂಜಾ ಎಲ್ಲಿ ಮಾಡಿಸೀವಿ? ಮೆಟ್ಟಲ ಮ್ಯಾಲ ಕುಂತು ಮಾತಾಡಿ ಬಂದೀವಿ. ಮೊದಲಿಂದು ಬರಲಿಲ್ಲವ್ವಾ. ಶನಿವಾರ ಬರೋ ಗಂಡ ಹೋದಾಂವ ಹೋದ. ಅವನ ಸಲುವಾಗಿ ಭಾಳ ಅತ್ತೀನಿ. ಇವರ ಮುಂದೇ ಅತ್ತೀನಿ. ಇವರೇ ಕಣ್ಣೀರು ಒರಸ್ಯಾರ. ಒರಸಿದವರು ಇವರು ನೋಡು. ಇವರ ಮ್ಯಾಲ ಹೊಸದಾಗಿ ಮಾಯಾ ಹುಟ್ಟಿತು" ಎಂದಳು. ಹಿಂದಿನಿಂದ ಕಾಕಾ, ಯಾರದು ಫೋನ್ ಎಂದು ಕೂಗಿದ. "ನಿಮ್ಮದೇ ನಡದದ, ಸುಮ್ಮ ಕೂಡ್ರಿ" ಎಂದಳು.

ಸ್ನೇಹಾ ಫೋನಿಟ್ಟು ಕಿಟಕಿಯ ಬಳಿ ನಿಂತಳು. ಆಮೇಲೆ ತನ್ನ ಫೋನು ತೆಗೆದು, ನನ್ನನ್ನು ಹೊರಗೆ ಕಳಿಸಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

"ಹೇಳಿದೆ. ಏನೂ ಅನಿಸ್ಲತ್ತಿಲ್ಲ ಅಂತ ಹೇಳಿದೆ. ಅವಂಗ ಭಾಳ ಸಿಟ್ಟು ಬಂತು. ಫೋನ್ ಕಟ್ ಮಾಡ್ದ."

"ಆಮ್ಯಾಲ?"

"ಮತ್ತ ತಾನೇ ಮಾಡ್ದ. ಬಾ, ಎದುರಿಗೆ ಕುಂತು ಹೇಳು ಅಂದ. ಹೋಗಿ ಬರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅವಳು ಅವನನ್ನು ಒಪ್ಪುತ್ತಾಳೋ ಬಿಡುತ್ತಾಳೋ ನನಗೆ ತಿಳಿಯದು. ಆದರೆ ಇಷ್ಟು ದಿನ ಫೋನಿನಲ್ಲಿ ಅಷ್ಟು ಮಾತಾಡಿದ ಹುಡುಗಿ ಇವತ್ತೇ ಮೊದಲ ಸಲ ಅವನ ಜೊತೆ ಮಾತಾಡಲು ಹೋಗುತ್ತಿದ್ದಾಳೆ ಅನಿಸಿ ನನಗೆ ಅಳು ಬಂತು.

ಅಷ್ಟರಲ್ಲಿ ಇವರು ಕನ್ನಡಕ ಏರಿಸಿಕೊಂಡು, ಹುಡುಗನ ಅಪ್ಪನ ನಂಬರು ಹುಡುಕುತ್ತ ಬಂದರು. "ಭಾನುವಾರ ಬರಬ್ಯಾಡ್ರಿ ಅಂತ ಹೇಳಿಬಿಡ್ಲಾ?"

"ಬ್ಯಾಡ್ರೀ," ಎಂದೆ. "ಮೊದಲ ಆ ಇಬ್ಬರೂ ಮಾತಾಡ್ಲಿ."