ಗುರುಸಿದ್ದಮ್ಮನ ಉಪ್ಪಿಲ್ಲದ ಕೋಸಂಬರಿ

ಕೊಡ್ಲಿಪೇಟೆಯ ಆಚೆ ಜಯಪ್ರಕಾಶ್ ನಡೆಸುವ ಹೋಂಸ್ಟೇಯಲ್ಲಿ ಗುರುಸಿದ್ದಮ್ಮ ಒಂಬತ್ತು ವರ್ಷದಿಂದ ಅಡುಗೆಯವಳು. ಈಚೆಗೆ ಅಲ್ಲಿಗೆ ಬರುವವರಿಗೆ ಅನ್ನ ಬೇಡ, ಸಲಾಡ್ ಬೇಕು. ಅವರಿಗೆಂದೇ ಜಯಪ್ರಕಾಶ್ ಮೈಸೂರಿನಿಂದ ಬಾಡಿದ ಲೆಟ್ಯೂಸ್ ಸೊಪ್ಪನ್ನೂ ಬಾಟಲಿಗಟ್ಟಲೆ ಬಿಳೀ ಡ್ರೆಸಿಂಗನ್ನೂ ತರುತ್ತಿದ್ದ. ಹುಲ್ಲಿಗೆ ಸುಣ್ಣ ಸುರಿದ ಹಾಗಿದೆ, ದನವಾದರೆ ಮೂಸಿ ಮುಖ ತಿರುಗಿಸುತ್ತಿತ್ತು ಎಂದು ಗುರುಸಿದ್ದಮ್ಮ ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಬಂದವರು ಮಾತ್ರ ತಟ್ಟೆಯ ಫೋಟೋ ತೆಗೆದು ತಿನ್ನುತ್ತಿದ್ದರು.

ಆ ತಾತ್ಸಾರ ಸುಮ್ಮನೆ ಹುಟ್ಟಿದ್ದಲ್ಲ. ನಾಲ್ಕು ವರ್ಷದ ಕೆಳಗೆ ಗಂಡ ಸಿದ್ದಬಸಪ್ಪನಿಗೆ ಬಿಪಿ ಏರಿ, ಶನಿವಾರಸಂತೆಯ ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದರು. ಆತ ತಟ್ಟೆ ನೂಕಿದ. ಅಂಗಿಯ ಜೇಬಿನಲ್ಲಿ ಉಪ್ಪಿನ ಹರಳು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ. ಬೈದೂ ಬೈದೂ ಸಾಕಾಗಿ ಗುರುಸಿದ್ದಮ್ಮ ಹಿತ್ತಿಲಿಗೆ ಇಳಿದಳು. ಸೌತೆಕಾಯಿ, ನೆನೆಸಿದ ಹೆಸರುಬೇಳೆಗೆ ಹೆಚ್ಚಿದ ಒಂದೆಲಗ, ಪುದೀನ, ಎರಡೇ ಎರಡು ದೊಡ್ಡಪತ್ರೆ ಎಲೆ. ಆಗಷ್ಟೇ ಜಜ್ಜಿದ ಕಾಳುಮೆಣಸು, ಹುರಿದ ಜೀರಿಗೆ, ಶುಂಠಿ, ಮೇಲೆ ನಿಂಬೆಹಣ್ಣು. ಹುಳಿ, ಖಾರ, ಘಮ ಮೂರೂ ಹದವಾಗಿ ಕೂಡಿದ ದಿನ ಸಿದ್ದಬಸಪ್ಪ ಉಪ್ಪು ಕೇಳದೆ ತಟ್ಟೆ ಖಾಲಿ ಮಾಡಿದ.

ಈ ಮಾರ್ಚ್ ತಿಂಗಳಲ್ಲಿ ಉಷಾರಾಣಿ ಎಂಬ ನಿವೃತ್ತ ಅಧಿಕಾರಿ ಬಂದು ಒಂದು ವಾರ ಉಳಿದರು. ಎರಡನೇ ಮಧ್ಯಾಹ್ನ ಸೊಪ್ಪಿನ ಮೇಲೆ ಬಾಟಲಿ ಬಗ್ಗಿಸುತ್ತಾ, "ನನಗೆ ಬಿಪಿ ನೋಡಿ, ಸಲಾಡ್ ಬಿಟ್ಟು ಬೇರೇನೂ ಮುಟ್ಟಲ್ಲ," ಎಂದರು.

ಗುರುಸಿದ್ದಮ್ಮ ಬಾಟಲಿ ಎತ್ತಿಕೊಂಡು ಚೀಟಿಯ ಇಂಗ್ಲಿಷನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಆಯಿಲ್ಲು, ಶುಗರ್ರು, ಸಾಲ್ಟು. ಇದ್ನ ತಿನ್ನಾಕೆ ಸೊಪ್ಪು ಯಾಕೆ ಬೇಕು ಮೇಡಂ? ಸ್ಪೂನಲ್ಲೇ ತಿನ್ಬೋದಲ್ಲ!"

ಉಷಾರಾಣಿಯವರ ಮುಖ ಕೆಂಪಾಯಿತು. ಜಯಪ್ರಕಾಶ್ ಅಡುಗೆಮನೆಗೆ ಓಡಿಬಂದ.

"ಗೆಸ್ಟ್ ಹತ್ರ ಹಂಗೆಲ್ಲಾ ಮಾತಾಡ್ತಾರಾ ಗುರುಸಿದ್ದಕ್ಕ?"

"ಹಂಗಾದ್ರೆ ನಾಳೆ ನೀವೇ ಬಡ್ಸಿ ಸಾವ್ಕಾರ್ರೇ."

ಮರುದಿನ ಬಡಿಸಿದ್ದು ಅವಳೇ. ಯಾರೂ ಕೇಳದೆಯೇ ಗಂಡನಿಗೆ ಮಾಡುವ ಅದೇ ಉಪ್ಪಿಲ್ಲದ ಕೋಸಂಬರಿಯನ್ನು ಒಂದು ಬಟ್ಟಲು ಉಷಾರಾಣಿಯವರ ಮುಂದೆ ಕುಕ್ಕಿ ಹೋದಳು. ಅವರು ಮುನಿಸಿನಲ್ಲೇ ಒಂದು ತುತ್ತು ತಿಂದರು, ಆಮೇಲೆ ಬಟ್ಟಲು ಬರಿದು ಮಾಡಿ ಇನ್ನಷ್ಟು ಕೇಳಿದರು. ಉಳಿದ ದಿನಗಳಲ್ಲಿ ಬಾಟಲಿಯತ್ತ ಕೈ ಚಾಚಲಿಲ್ಲ. ಕ್ಷಮೆ ಕೇಳಬೇಕೆಂದು ಗುರುಸಿದ್ದಮ್ಮನಿಗೆ ಅನ್ನಿಸಲಿಲ್ಲ.

ಅವರು ಹೊರಟ ಮೇಲೆ ಜಯಪ್ರಕಾಶ್ ಬಾಗಿಲ ಬಳಿಯ ಹಲಗೆಯಲ್ಲಿ 'ಕೂರ್ಗ್ ಹರ್ಬ್ ಸಲಾಡ್, ನಮ್ಮ ಅಜ್ಜಿಯ ಕೈರುಚಿ' ಎಂದು ಬರೆಸಿದ. ಅವನಜ್ಜಿ ಒಲೆ ಊದಿದ್ದನ್ನು ಊರಿನಲ್ಲಿ ಒಬ್ಬರೂ ಕಂಡವರಿಲ್ಲ. ಆಮೇಲೆ ಪೆನ್ನು ಹಿಡಿದು ಅಡುಗೆಮನೆಗೆ ಬಂದು, ಮಾಡುವ ಬಗೆ ಹೇಳೆಂದ. ಗುರುಸಿದ್ದಮ್ಮ ಒಂದೊಂದಾಗಿ ಹೇಳಿದಳು, ಆತ ಬರೆದುಕೊಂಡ.

"ಎಲ್ಲಾ ಸರಿ ಗುರುಸಿದ್ದಕ್ಕ, ಉಪ್ಪು ಎಷ್ಟು ಸ್ಪೂನು?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಜೀರಿಗೆ ಹುರಿಯಲು ಬಾಣಲೆ ಇಟ್ಟಳು.