ಗುಡ್ಡದ ಬಣ್ಣದ ಗೋಡೆ

ಇಂದುಶೇಖರರು ಮೂವತ್ತೆರಡು ವರ್ಷ ಕೇಂದ್ರ ಸರ್ಕಾರದ ವಿಜಿಲೆನ್ಸ್ ವಿಭಾಗದಲ್ಲಿ ಕಡತ ಜಾಲಾಡಿದವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವರಿಗೆ ಗಾದೆಯಲ್ಲ, ದಿನಚರಿ. ಅವರು ವಾಸವಿದ್ದ ದೆಹಲಿಯ ಪೀತಮ್‌ಪುರಾದ ತರಕಾರಿ ಭಯ್ಯಾ ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿದರೂ, ಕೆಳಗಿನ ಟೊಮೆಟೊ ಕೊಳೆತಿರಬೇಕೆಂದು ಚೀಲ ಬಗ್ಗಿಸಿ ನೋಡುವ ಆಸಾಮಿ.

ಅಂಥವರು ನಿವೃತ್ತರಾದ ಮೇಲೆ, ಗುಡ್ಡ ನೋಡುತ್ತ ಕೂರಬೇಕೆಂಬ ಹೆಂಡತಿ ಶಾಂತಮ್ಮನ ಒಂದೇ ಆಸೆಗಾಗಿ, ಗುರುಗ್ರಾಮದಾಚೆ ಅರಾವಳಿಯ ಬುಡದಲ್ಲಿ ಮನೆ ಕಟ್ಟಿಸಲು ಹೊರಟರು. ನಕ್ಷೆ ಮಾಡಿದವಳು ಹರ್ಷಿಣಿ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಸೂರು ಮರಗಳಿಗಿಂತ ತಗ್ಗು, ಗುಡ್ಡದ ಕಡೆಗೆ ಉದ್ದ ಜಗಲಿ. ಅಲ್ಲಿಯವರೆಗೆ ಎಲ್ಲ ಸರಿ. ಗೋಡೆಗೆ ಮಾತ್ರ ಗುಡ್ಡದ ಕಲ್ಲಿನದೇ ಮಾಸಲು ಕಂದು.

“ಅಂಕಲ್, ದೂರದಿಂದ ಮನೆ ಕಾಣಲೇಬಾರದು, ಗುಡ್ಡದಲ್ಲೇ ಸೇರಿಹೋಗ್ಬೇಕು. ಬಿಳಿ ಬಿಲ್‌ಕುಲ್ ಬೇಡ.”

ಕಾಣಬಾರದೇ? ಯಾರಿಗೆ? ಅರಣ್ಯ ಇಲಾಖೆಗೋ? ಜಾಗವೇ ಕಾಡಿನ ಒತ್ತುವರಿಯೋ? ಜಾಗದ ಪತ್ರಗಳನ್ನು ಮೂರು ಸಲ ಓದಿದರು, ಎಲ್ಲ ಚೊಕ್ಕ. ಅಷ್ಟು ಚೊಕ್ಕವಾಗಿದ್ದದ್ದೇ ಅನುಮಾನವನ್ನು ಇನ್ನಷ್ಟು ಬೆಳೆಸಿತು. ಅದರ ಮೇಲೆ, ಜಗಲಿಯಲ್ಲಿ ಪಿಸುಗುಡುತ್ತಿದ್ದ ಶಾಂತಮ್ಮ ಮತ್ತು ಹರ್ಷಿಣಿ ಇವರನ್ನು ಕಂಡೊಡನೆ ಮಾತು ನಿಲ್ಲಿಸಿದರು. ಸರಿ, ಇನ್ನೇನು ಬೇಕು! ಹರ್ಷಿಣಿ ಊರಲ್ಲಿಲ್ಲದ ವಾರ ನೋಡಿ ಪೇಂಟರನ್ನು ಕರೆಸಿ, ಗೋಡೆಗೆಲ್ಲ ಅಪ್ಪಟ ಬಿಳಿ ಹೊಡೆಸಿಬಿಟ್ಟರು. ಹೆದ್ದಾರಿಯಿಂದಲೇ ಮನೆ ಫಳಫಳ ಕಂಡಿತು. ನಮ್ಮ ಸಾಹೇಬರ ಎದೆ ಉಬ್ಬಿತು.

ಮೇ ತಿಂಗಳಲ್ಲಿ ಗೃಹಪ್ರವೇಶ ಮುಗಿಸಿ ಬಂದು ನೆಲೆಸಿದರು. ಮೂರನೇ ದಿನ ನೋಡಿದರೆ ಶಾಂತಮ್ಮ ಜಗಲಿ ಬಿಟ್ಟು, ಒಳಕೋಣೆಯಲ್ಲಿ ಪರದೆ ಎಳೆದು ಕೂತಿದ್ದಾರೆ.

“ಗುಡ್ಡ, ಗುಡ್ಡ ಅಂತಿದ್ದವಳು ನೀನೇ ಅಲ್ವೇ? ಇದೇನು ಹೊಸ ನಾಟಕ?”

“ಆ ಬಿಳಿ ಗೋಡೆ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತೆ ರೀ. ಕಣ್ಣಿನ ಆಪರೇಷನ್ ಆದಾಗಿನಿಂದ ಹೀಗೇ. ಅದಕ್ಕೇ ಹರ್ಷಿಣಿ ಹತ್ರ ಕಲ್ಲಿನ ಬಣ್ಣ ಕೇಳಿದ್ದು ನಾನು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಯಾಕೆ ನಂಬುತ್ತಿರಲಿಲ್ಲ ಎಂದು ಗದರಲು ಇಂದುಶೇಖರರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಮನಸ್ಸು ತನ್ನ ಕೆಲಸ ಮಾಡಿಯಾಗಿತ್ತು: ಇದೂ ಆ ಹುಡುಗಿ ಹೇಳಿಕೊಟ್ಟ ಮಾತಿರಬಹುದೇ?

ಆ ಪ್ರಶ್ನೆ ಅವರ ಮುಖದಲ್ಲಿ ಮೂಡಿದ್ದನ್ನು ಶಾಂತಮ್ಮ ಕಂಡರು.