ಎರಡು ಸಾಲುಗಳ ನಡುವಿನ ಗುಂಯ್ ಸದ್ದು

ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯಲ್ಲಿ ಟ್ರಾಮ್ ಇನ್ನೂ ಶುರುವಾಗಿಲ್ಲ. ಮುಂಜಾವಿನ ನಮಾಜು ಮುಗಿಸಿ ನೇರ ಅಂಗಡಿಗೆ ಬಂದಿರುವ ರೇಡಿಯೋ ರಿಪೇರಿಯ ಉಸ್ತಾ, ಅಂದರೆ ಮೇಸ್ತ್ರಿ, ರಿಫಾತ್ ಹಳೆಯ ವಾಲ್ವ್ ರೇಡಿಯೋ ಒಂದನ್ನು ಹಚ್ಚಿ, ಅದು ಬಿಸಿಯಾಗಲು ಕಾಯುತ್ತಿದ್ದಾರೆ. ನಿಧಾನವಾಗಿ ದನಿ ಏಳುತ್ತದೆ. ಖುರಾನ್ ಪಠಣದ ಕೇಂದ್ರ. ಓದುವವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ರಿಫಾತ್ ಎರಡು ಬೆರಳನ್ನು ಸ್ಪೀಕರಿನ ಕಾಗದದ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ.

"ಹಾಡಾದ್ರೆ ಎಲ್ಲಾ ಮುಚ್ಚಿಹಾಕುತ್ತೆ. ಪಿಟೀಲು, ತಬಲಾ ಅಂತ ಗದ್ದಲ. ಪಠಣದಲ್ಲಿ ಬಿಡುವು ಇರುತ್ತಲ್ಲ, ರೇಡಿಯೋ ಬಣ್ಣ ಅಲ್ಲಿ ಬಯಲಾಗುತ್ತೆ" ಎಂದು, ಅವರ ಬಗ್ಗೆ ಬರೆಯಲು ಬಂದು ಕೂತಿರುವ ನನಗೆ ಹೇಳುತ್ತಾರೆ. ಈ ಬೀದಿಯಲ್ಲಿ ಐವತ್ತಮೂರು ವರ್ಷದಿಂದ ಅವರ ಪರೀಕ್ಷೆ ಪಠಣದಲ್ಲೇ, ಬೆರಳಿಡುವುದು ಮಾತ್ರ ಇತ್ತೀಚೆಗೆ. ಪಠಣ ನಡೆಯುವಾಗ ಪ್ಲಗ್ ಕೀಳುವುದಿಲ್ಲ. ಓದು ಮುಗಿಯುವವರೆಗೂ ಕೈ ಕಟ್ಟಿ ಕೂರುತ್ತಾರೆ.

ಒಂದು ಕಾಲಕ್ಕೆ ದಿನಕ್ಕೆ ಹದಿನೈದು ರೇಡಿಯೋ ಬರುತ್ತಿದ್ದವು. ಈಗ ತಿಂಗಳಿಗೆ ಮೂರು ಬಂದರೆ ಹೆಚ್ಚು. ಗೋಡೆಯ ಹಲಗೆಗಳ ಮೇಲೆ ಇಪ್ಪತ್ತೆರಡು ರೇಡಿಯೋಗಳು ಕೂತಿವೆ, ಎಲ್ಲವೂ ರಿಪೇರಿಯಾದವು. ತಂದವರಲ್ಲಿ ಕೆಲವರು ತೀರಿಹೋದರು, ಉಳಿದವರು ಮರೆತರು. ರಿಫಾತ್ ಮಾತ್ರ ವಾರಕ್ಕೊಮ್ಮೆ ಎಲ್ಲದರ ಧೂಳು ಒರೆಸುತ್ತಾರೆ.

ಇವತ್ತು ಮೇಜಿನ ಮೇಲಿರುವುದು ಹಿಂದಿನ ಓಣಿಯ ದರ್ಜಿ, ಹಜ್ ಮಾಡಿಬಂದ ಹಾಜ್ಜಾ ಇಕ್ಬಾಲ್ ಅವರದ್ದು. ಗಂಡ ಸತ್ತ ಮೇಲೆ ಒಬ್ಬರೇ ಇದ್ದಾರೆ. ಹೊರಗೆ ಹೋಗುವಾಗಲೂ ರೇಡಿಯೋ ಆರಿಸುವುದಿಲ್ಲ, ಖಾಲಿ ಮನೆಯಲ್ಲಿ ಪಠಣ ನಡೆಯುತ್ತಲೇ ಇರಬೇಕು. ಊರಿನಲ್ಲಿ ಅರ್ಧ ಮನೆಗಳದ್ದು ಇದೇ ಪದ್ಧತಿ. "ದೇವರ ಮಾತು ನಿಲ್ಲಿಸಬಾರದು ಅಂತಾರೆ, ಸರಿ. ಅದು ಕಂಡೆನ್ಸರಿಗೆ ಗೊತ್ತಾ? ಹಗಲೂ ರಾತ್ರಿ ಒಳಗೇ ಬೇಯುತ್ತೆ ಪಾಪ. ಮೇಲಿಂದ ಸಮುದ್ರದ ಉಪ್ಪುಗಾಳಿ" ಎಂದು ರಿಫಾತ್ ಗೊಣಗುತ್ತಾರೆ.

ರೇಡಿಯೋ ಗುಂಯ್‌ಗುಡುತ್ತಿದೆ ಎಂದು ಇಕ್ಬಾಲ್ ತಂದಿದ್ದು ರಂಜಾನಿಗೆ ಮೊದಲು. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹೋಗದಿದ್ದರೆ ದೋಷ ಕರೆಂಟಿನ ಕಡೆಯ ಕಂಡೆನ್ಸರುಗಳಲ್ಲಿ ಇರುವುದೇ ಹೆಚ್ಚು. ರಿಫಾತ್ ಅವನ್ನು ಬದಲಿಸಿ, ಕೇಳಿ, ಸರಿಯಾಯಿತೆಂದು ಕೊಟ್ಟರು. ವಾರಕ್ಕೆ ವಾಪಸು ಬಂತು. ಮತ್ತೆ ಕೇಳಿದರು, ಸದ್ದೇ ಇಲ್ಲ. "ಹಾಜ್ಜಾ, ಅದು ರೇಡಿಯೋ ಅಲ್ಲ. ನಿಮ್ಮ ಕಿವಿಯೊಳಗೆ ಹೊಲಿಗೆ ಮಷೀನು ಓಡ್ತಾ ಇದೆ" ಎಂದು ನಾಲ್ಕು ಜನರ ಮುಂದೆ ರೇಗಿಸಿ ಕಳಿಸಿದರು.

ಆಕೆ ಮೂರನೇ ಸಲ ಬಂದಾಗ ರಿಫಾತ್ ಸಿಟ್ಟಿನಿಂದಲೇ ಹಿಂಬದಿ ಹಲಗೆ ಬಿಚ್ಚಿ ರೇಡಿಯೋ ಹಚ್ಚಿದರು. ಬೆರಳು ಸ್ಪೀಕರಿಗೆ ತಾಗಿತು. ಪಠಣದ ಬಿಡುವಿನಲ್ಲೂ ಕಾಗದ ನಡುಗುತ್ತಿತ್ತು. ಕಿವಿಗೆ ಮಾತ್ರ ಏನೂ ಇಲ್ಲ.

"ಮಾತು ಕೇಳಿಸುತ್ತೆ ನಂಗೆ. ಅದರ ಅಡಿಯ ಸಣ್ಣ ಸದ್ದು ಕೇಳೋ ಕಿವಿ ಹೋಗಿದೆ. ಯಾವತ್ತು ಹೋಯ್ತೋ, ಎಷ್ಟು ಮನೆಗೆ ಗುಂಯ್ ಅನ್ನೋ ಪೆಟ್ಟಿಗೆನ ಸರಿ ಇದೆ ಅಂತ ಕೊಟ್ಟು ಕಳಿಸಿದೀನೋ" ಎನ್ನುತ್ತಾರೆ. ಕಿವಿ ಡಾಕ್ಟರು ಕೈಚೆಲ್ಲಿದ್ದಾರೆ. ಈ ಒಂದು ರೇಡಿಯೋ ಸರಿಯಾಗದಿದ್ದರೆ ಅಂಗಡಿ ಮುಚ್ಚುತ್ತೇನೆಂದು ಅವರು ಇಕ್ಬಾಲರಿಗೆ ಹೇಳಿಬಿಟ್ಟಿದ್ದಾರೆ.

ಆರೂವರೆಗೆ ಇಕ್ಬಾಲ್ ಬರುತ್ತಾರೆ, ಬ್ರೆಡ್ಡಿನೊಳಗೆ ಬಿಸಿ ಫೂಲ್ ಕಾಳು ಸುತ್ತಿಸಿಕೊಂಡು. "ತಿನ್ನಿ ಉಸ್ತಾ, ಕಡ್ಡಿ ಥರ ಆಗಿದೀರ." ರಿಫಾತ್ ಹಿಂದೆ ಸರಿದು, ಕೇಳಿ ನೋಡಲು ಆಕೆಗೆ ಜಾಗ ಬಿಡುತ್ತಾರೆ. ಅಷ್ಟರಲ್ಲಿ ಹೊಸ ಕಂಡೆನ್ಸರು ಹಾಕಿದ್ದಾಗಿದೆ, ಬೆಸುಗೆ ಬಿಟ್ಟಿದ್ದ ತಂತಿ ಕೂಡಿಸಿದ್ದಾಗಿದೆ. ಮೂವರೂ ಕೇಳುತ್ತೇವೆ. ಓದುವವರು ಸಾಲು ಮುಗಿಸಿ ನಿಲ್ಲುತ್ತಾರೆ.

ಗುಂಯ್. ತೀರಾ ಸಣ್ಣದಾಗಿ, ಆದರೂ ಇದೆ. ನನಗೆ ಕೇಳಿಸುತ್ತದೆ.

"ಹೋಯ್ತು ಉಸ್ತಾ" ಎನ್ನುತ್ತಾರೆ ಇಕ್ಬಾಲ್. "ಈಗ ಮನೆ ಮನೆ ಥರ ಇರುತ್ತೆ. ಅಲ್ಲಾ ನಿಮ್ಮ ಕೈ ಚೆನ್ನಾಗಿಟ್ಟಿರಲಿ."

ರಿಫಾತ್ ನನ್ನ ಕಡೆ ನೋಡುತ್ತಾರೆ. ನಾನು ಕೈಯಲ್ಲಿದ್ದ ಪೆನ್ನು ನೋಡುತ್ತೇನೆ. ಮುಂದಿನ ಬಿಡುವಿಗೆ ಅವರು ಮೆಲ್ಲಗೆ ಬಂದು ಎರಡು ಬೆರಳನ್ನು ಕಾಗದದ ಮೇಲಿಡುತ್ತಾರೆ, ಅಲ್ಲಿಂದ ತೆಗೆಯುವುದಿಲ್ಲ.

"ನಲವತ್ತು ವರ್ಷದ ಗುರುತು ನಮ್ದು, ಹಾಜ್ಜಾ. ನನ್ನ ಹತ್ರ ನೀವು ಸುಳ್ಳು ಹೇಳಿದ್ದು ಇದೇ ಮೊದಲು."

ಇಕ್ಬಾಲ್ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಅಷ್ಟು ಸಣ್ಣ ಸದ್ದು ನಂಗೆ ಅಭ್ಯಾಸ ಆಗುತ್ತೆ ಬಿಡಿ. ನಿಮ್ಮ ಬಾಗಿಲು ಮುಚ್ಚಿದ್ರೆ ಅಭ್ಯಾಸ ಆಗಲ್ಲ."

ರಿಫಾತ್ ಬೆರಳು ತೆಗೆಯುತ್ತಾರೆ. ಸ್ಟೂಲು ಎಳೆದುಕೊಂಡು ಕೈ ಕಟ್ಟಿ ಕೂರುತ್ತಾರೆ. ಹೊರಗೆ ಮೊದಲ ಟ್ರಾಮ್ ಹಾದುಹೋಗುತ್ತದೆ. ಓದು ಮುಗಿದ ಮೇಲೆ ಪ್ಲಗ್ ಕಿತ್ತು, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ.

"ಎರಡು ಸಲ ಕೆಟ್ಟಿದ್ದನ್ನೇ ಕೊಟ್ಟಿದೀನಿ, ಗೊತ್ತಿಲ್ಲದೆ. ಇವತ್ತು ಗೊತ್ತಿದೆ, ಕೊಡಲ್ಲ. ನಾಳೆ ಬೆಳಿಗ್ಗೆ ಬನ್ನಿ ಹಾಜ್ಜಾ, ಬಾಗಿಲು ತೆಗೆದಿರುತ್ತೆ. ನಿಜ ಹೇಳೋಕೆ ಬನ್ನಿ."